ಡಾಬಿಲ್ಲದ ಡೋನಟ್: ಜಾಮ್ ತುಂಬಿದ ಬರ್ಲಿನರ್ ಎಲ್ಲಿ ಕೆಟ್ಟಿತು?

ಮ್ಯೂನಿಕ್‌ನಲ್ಲಿರುವ ತಮ್ಮನಿಗೆ ನನ್ನ ಮೊದಲ ಡೋನಟ್‌ಗಳ ಫೋಟೋ ಕಳಿಸಿದ್ದೆ. ಎರಡೇ ನಿಮಿಷಕ್ಕೆ ಉತ್ತರ ಬಂತು. "ಅಕ್ಕಾ, ಬಣ್ಣ ಏನೋ ಚೆನ್ನಾಗಿದೆ. ಆದ್ರೆ ಸೊಂಟಕ್ಕೆ ಡಾಬೇ ಇಲ್ವಲ್ಲ!"

ಅವನು ಡಾಬು ಅಂದದ್ದು ನಡುವಿನ ಬಿಳಿ ಪಟ್ಟಿಗೆ. ಇದು ತೂತಿಲ್ಲದ, ಒಳಗೆ ಜಾಮ್ ತುಂಬಿದ ಹಳೆ ಕಾಲದ ಡೋನಟ್. ಜರ್ಮನಿಯ ಎಷ್ಟೋ ಕಡೆ ಇದನ್ನು ಬರ್ಲಿನರ್ ಅನ್ನುತ್ತಾರೆ. ತಮಾಷೆ ಏನೆಂದರೆ ಬರ್ಲಿನ್‌ನವರು ಹಾಗೆ ಕರೆಯುವುದಿಲ್ಲ, ಅವರಿಗೆ ಅದು ಪ್ಫಾನ್‌ಕೂಖನ್. ಬವೇರಿಯಾ, ಆಸ್ಟ್ರಿಯಾ ಕಡೆ ಕ್ರಾಪ್‌ಫನ್. ಪೋಲೆಂಡಿನಲ್ಲಿ ಪೋಂಚ್ಕಿ. ಹೆಸರು ಯಾವುದಾದರೂ ಇರಲಿ, ಮೇಲೆ ಕೆಳಗೆ ಕಂದು, ನಡುವೆ ಬಿಳಿ ಪಟ್ಟಿ ಇದ್ದರೆ ಹದ ಬಂದಿದೆ ಅಂತ ಲೆಕ್ಕ.

ನನ್ನದರಲ್ಲಿ ಪಟ್ಟಿ ಇರಲಿಲ್ಲ. ಕೊಯ್ದರೆ ಒಳಗೆ ಹಸಿ. ತಟ್ಟೆಗೆ ಹಾಸಿದ್ದ ಪೇಪರ್ ಎಣ್ಣೆಯಲ್ಲಿ ನೆಂದು ಹೋಗಿತ್ತು. ತಪ್ಪೆಲ್ಲ ಎಣ್ಣೆಯದೇ ಅಂದುಕೊಂಡು ಎರಡು ವಾರ ಗ್ಯಾಸ್ ಉರಿಯ ಜೊತೆ ಗುದ್ದಾಡಿದೆ. ಆಮೇಲೆ ತಿಳಿಯಿತು: ಬಾಣಲೆಯಲ್ಲಿ ಕಣ್ಣಿಗೆ ಬೀಳುವ ಎಷ್ಟೋ ತಪ್ಪುಗಳು ಹಿಟ್ಟು ಉಬ್ಬುವ ಹೊತ್ತಿನಲ್ಲೇ ಆಗಿಹೋಗಿರುತ್ತವೆ. ಎಣ್ಣೆ ಅದನ್ನು ತೋರಿಸಿಕೊಡುತ್ತದೆ, ಅಷ್ಟೇ.

ಓವನ್ ಇಲ್ಲ ಅಂತ ಕೊರಗುವವರಿಗೆ ಒಂದು ಮಾತು. ಇದು ಮೊದಲಿಂದಲೂ ಕರಿಯುವ ತಿಂಡಿ. ಅಲ್ಲಿ ಹಿಂದೆ ಹಂದಿ ಕೊಬ್ಬಿನಲ್ಲಿ ಕರಿಯುತ್ತಿದ್ದರು, ಈಗ ಬಹಳ ಜನ ಎಣ್ಣೆ ಬಳಸುತ್ತಾರೆ. ಓವನ್‌ನಲ್ಲಿ ಬೇಯಿಸಿದರೆ ಅದು ಜಾಮ್ ಬನ್ ಆಗುತ್ತದೆ. ಜಾಮ್ ಬನ್ ಕೂಡ ಚೆನ್ನಾಗಿರುತ್ತದೆ, ಆದರೆ ಇದಲ್ಲ.

ಅಳತೆ ಒಂದೇ ಇರಲಿ

ಪ್ರತಿ ಸಲ ಅಳತೆ ಬದಲಾದರೆ ತಪ್ಪು ಎಲ್ಲಾಯಿತು ಅಂತ ಹುಡುಕಲು ಆಗುವುದಿಲ್ಲ. ನಾನು ಹಿಡಿದುಕೊಂಡಿರುವ ಲೆಕ್ಕ ಇದು: ಮೈದಾ 250 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಉಗುರು ಬೆಚ್ಚಗಿನ ಹಾಲು 110 ಮಿಲಿ, ಒಂದು ಇಡೀ ಮೊಟ್ಟೆ ಮತ್ತು ಇನ್ನೊಂದರ ಹಳದಿ, ಸಕ್ಕರೆ 30 ಗ್ರಾಂ, ಉಪ್ಪು 4 ಗ್ರಾಂ, ಮೆತ್ತಗಾದ ಬೆಣ್ಣೆ 40 ಗ್ರಾಂ, ಸ್ವಲ್ಪ ನಿಂಬೆ ಸಿಪ್ಪೆಯ ತುರಿ. ಇದರಲ್ಲಿ 50 ಗ್ರಾಂ ತೂಕದ ಹತ್ತು ಉಂಡೆ ಆಗುತ್ತವೆ. ಮೊಟ್ಟೆ ಬೇಡದವರು ಹಾಲನ್ನು 150 ಮಿಲಿ ಮಾಡಿಕೊಂಡು ಎರಡು ಚಮಚ ಹಾಲಿನ ಪುಡಿ ಹಾಕಬಹುದು. ಬಣ್ಣ ಸ್ವಲ್ಪ ಬೇಗ ಬರುತ್ತದೆ, ಉರಿ ಕಡಿಮೆ ಇರಲಿ.

ಬೆಣ್ಣೆ ಬಿಟ್ಟು ಎಲ್ಲ ಸೇರಿಸಿ ಐದು ನಿಮಿಷ ನಾದಿ. ಆಮೇಲೆ ಬೆಣ್ಣೆ ಸೇರಿಸಿ ಇನ್ನೊಂದು ಹತ್ತು ನಿಮಿಷ. ಕೈಗೆ ಅಂಟುತ್ತದೆ. ಅಂಟಲಿ. ಇಲ್ಲಿ ಹೆದರಿ ಇನ್ನೊಂದು ಹಿಡಿ ಮೈದಾ ಸುರಿದರೆ ಮರುದಿನ ಡೋನಟ್ ಕಲ್ಲು. ಒಂದು ಚೂರು ಹಿಟ್ಟನ್ನು ಬೆರಳಲ್ಲಿ ಹಪ್ಪಳಕ್ಕಿಂತ ತೆಳ್ಳಗೆ ಎಳೆದರೆ ಹರಿಯದೆ ಬೆಳಕು ಕಾಣಬೇಕು. ಅಲ್ಲಿಯವರೆಗೂ ನಾದಬೇಕು. ಆಮೇಲೆ ಮುಚ್ಚಿಟ್ಟು ಒಂದು ಸಲ ಉಬ್ಬಿಸಿ, ಗಾಳಿ ತೆಗೆದು ಉಂಡೆ ಮಾಡಿ, ಉಂಡೆಗಳನ್ನು ಎರಡನೇ ಸಲ ಉಬ್ಬಲು ಬಿಡಬೇಕು.

ಮೊದಲು ಒಂದನ್ನು ಕೊಯ್ಯಿರಿ

ಹತ್ತೂ ಕರಿದು ಆಮೇಲೆ ಅಳುವುದಕ್ಕಿಂತ, ಒಂದನ್ನು ಕರಿದು, ಹತ್ತು ನಿಮಿಷ ಆರಲು ಬಿಟ್ಟು, ಅಡ್ಡಲಾಗಿ ಅಲ್ಲ, ಮೇಲಿಂದ ಕೆಳಕ್ಕೆ ಕೊಯ್ದು ನೋಡಿ. ಬಿಸಿಯಲ್ಲೇ ಕೊಯ್ಯಬೇಡಿ. ಬಿಸಿ ಇದ್ದಾಗ ಬೆಂದದ್ದೂ ಹಸಿಯ ಹಾಗೆ ಅಂಟಂಟಾಗಿ ಕಾಣುತ್ತದೆ. ನಾನು ಇದೇ ಭ್ರಮೆಯಲ್ಲಿ ಒಂದಿಡೀ ಒಬ್ಬೆಯನ್ನು ಮತ್ತೆ ಎಣ್ಣೆಗೆ ಹಾಕಿ ಕೆಡಿಸಿದ್ದೇನೆ.

ಕೊಯ್ದ ಮುಖದಲ್ಲಿ ಕಥೆ ಇರುತ್ತದೆ. ನಟ್ಟನಡುವೆ ಮಾತ್ರ ಹಸಿ, ಉಳಿದದ್ದು ಹತ್ತಿಯ ಹಾಗಿದ್ದರೆ ಎಣ್ಣೆ ಜಾಸ್ತಿ ಕಾದಿತ್ತು. ಎಲ್ಲ ಕಡೆ ಒತ್ತೊತ್ತಾಗಿ, ಸಣ್ಣ ಕಣ್ಣುಗಳು, ಕೈಯಲ್ಲಿ ಭಾರ ಅನಿಸಿದರೆ ಹಿಟ್ಟು ಉಬ್ಬಿದ್ದು ಸಾಲದು. ದೊಡ್ಡ ದೊಡ್ಡ ಅಡ್ಡಾದಿಡ್ಡಿ ತೂತು, ಮೇಲ್ಭಾಗ ಕುಸಿದಿದ್ದರೆ ಉಬ್ಬಿದ್ದು ಅತಿಯಾಯಿತು. ಸಿಪ್ಪೆಯ ಕೆಳಗೆ ಮಾತ್ರ ಎಣ್ಣೆಯ ಗೆರೆ ಇದ್ದರೆ ಎಣ್ಣೆ ಕಾದದ್ದು ಕಡಿಮೆ. ಎಣ್ಣೆ ಒಳಗಿನ ಕಣ್ಣುಗಳವರೆಗೂ ಇಳಿದಿದ್ದರೆ ಮತ್ತೆ ಉಬ್ಬಿದ ಹದವನ್ನೇ ನೋಡಬೇಕು.

ಡಾಬು ಯಾಕೆ ಬರಲಿಲ್ಲ

ಈ ಪಟ್ಟಿ ಬರುವುದು ಒಂದೇ ಕಾರಣಕ್ಕೆ. ಉಂಡೆ ಹಗುರವಾಗಿದ್ದರೆ ಎಣ್ಣೆಯಲ್ಲಿ ಎತ್ತರಕ್ಕೆ ತೇಲುತ್ತದೆ. ಅರ್ಧಕ್ಕಿಂತ ಕಡಿಮೆ ಭಾಗ ಮುಳುಗಿರುತ್ತದೆ. ಮಗುಚಿದಾಗ ಇನ್ನೊಂದು ಕಡೆಯೂ ಅಷ್ಟೇ ಮುಳುಗುತ್ತದೆ. ನಡುವೆ ಒಂದು ಬೆರಳಗಲ ಎಣ್ಣೆಗೆ ಸೋಕುವುದೇ ಇಲ್ಲ. ಅದೇ ಡಾಬು.

ಹಾಗಾಗಿ ಪಟ್ಟಿ ಇಲ್ಲ ಅಂದರೆ ಉಂಡೆ ಭಾರವಾಗಿ ಆಳಕ್ಕೆ ಕೂತಿತ್ತು ಅಂತ ಅರ್ಥ. ಮೊದಲ ಅನುಮಾನ ಎರಡನೇ ಸಲದ ಉಬ್ಬುವಿಕೆಯ ಮೇಲೆ ಇರಲಿ. ಉಂಡೆ ಮಾಡಿಟ್ಟ ಮೇಲೆ ಅದು ಸುಮಾರು ಎರಡರಷ್ಟು ಗಾತ್ರ ಆಗಬೇಕು. ಗಡಿಯಾರ ನಂಬಬೇಡಿ. ಒಣ ಮೈದಾ ಮುಟ್ಟಿದ ಬೆರಳಿಂದ ಉಂಡೆಯ ಪಕ್ಕಕ್ಕೆ ಮೆಲ್ಲಗೆ ಒತ್ತಿ. ಕುಳಿ ತಟ್ಟನೆ ಪುಟಿದು ತುಂಬಿಕೊಂಡರೆ ಇನ್ನೂ ಕಾಯಬೇಕು. ನಿಧಾನಕ್ಕೆ ಮೇಲೆ ಬಂದು ಒಂದು ಚೂರು ಗುರುತು ಉಳಿದರೆ ಎಣ್ಣೆ ಕಾಯಿಸಿ. ಕುಳಿ ಹಾಗೇ ಉಳಿದು, ಸುತ್ತಲೂ ಸುಕ್ಕು ಬಿದ್ದರೆ ಸಮಯ ಮೀರಿದೆ.

ಮೀರಿದ್ದನ್ನು ಕರಿಯಲು ಹೋಗಬೇಡಿ. ಮೆಲ್ಲಗೆ ಗಾಳಿ ತೆಗೆದು ಮತ್ತೆ ಉಂಡೆ ಮಾಡಿಡಿ. ಒಂದು ಸಲ ಹೀಗೆ ಮಾಡಬಹುದು. ರುಚಿ ಚೂರು ಹುಳಿ ಹುಳಿಯಾಗುತ್ತದೆ, ಆದರೂ ತಿನ್ನುವ ಹಾಗೆ ಇರುತ್ತದೆ.

ನಮ್ಮ ಕಡೆ ಹವೆಯ ಆಟ ಜಾಸ್ತಿ. ತಣ್ಣನೆ ದೇಶಗಳಲ್ಲಿ ಬರೆದಿಟ್ಟ ಪಾಕವಿಧಾನದಲ್ಲಿ "ಒಂದು ಗಂಟೆ ಬಿಡಿ" ಅಂತ ಇರುತ್ತದೆ. ಏಪ್ರಿಲ್ ತಿಂಗಳ ಮೈಸೂರಿನ ಅಡುಗೆಮನೆಯಲ್ಲಿ ಎರಡನೇ ಉಬ್ಬು 20 ನಿಮಿಷಕ್ಕೇ ಮುಗಿದಿರುತ್ತದೆ. ಡಿಸೆಂಬರ್‌ನಲ್ಲಿ ಅದೇ ಹಿಟ್ಟು ಒಂದು ಗಂಟೆ ಕೇಳುತ್ತದೆ. ಇಡ್ಲಿ ಹಿಟ್ಟಿನ ವಿಷಯದಲ್ಲಿ ಇದೆಲ್ಲ ನಮಗೆ ಹುಟ್ಟಿನಿಂದ ಗೊತ್ತು, ಅಲ್ವಾ? ಮೈದಾ ಕಂಡರೆ ಮಾತ್ರ ಯಾಕೋ ಗಡಿಯಾರ ನೋಡಲು ಶುರುಮಾಡುತ್ತೇವೆ.

ಇನ್ನೊಂದು ಅಪರಾಧಿ ನಮ್ಮ ಕೈ ಅಭ್ಯಾಸ. ಪೂರಿ ಉಬ್ಬಲಿ ಅಂತ ಜಾಲರಿ ಸೌಟಿನಲ್ಲಿ ಒತ್ತುತ್ತೇವೆ, ಮೇಲೆ ಎಣ್ಣೆ ಚಿಮುಕಿಸುತ್ತೇವೆ. ಇಲ್ಲಿ ಎರಡೂ ಮಾಡಬಾರದು. ಒತ್ತಿದರೆ ನಡು ಮುಳುಗುತ್ತದೆ, ಪಟ್ಟಿ ಹೋಯಿತು. ನನ್ನ ಮೊದಲ ಒಬ್ಬೆಯ ಡಾಬು ಕಳೆದುಹೋಗಿದ್ದು ಇಲ್ಲೇ.

ಆಸ್ಟ್ರಿಯಾದವರ ಒಂದು ಉಪಾಯ ನನಗೆ ಬಹಳ ಉಪಯೋಗಕ್ಕೆ ಬಂತು. ಉಂಡೆಯ ಮೇಲ್ಭಾಗ ಎಣ್ಣೆಯ ಕಡೆ ಬರುವ ಹಾಗೆ ತಲೆಕೆಳಗಾಗಿ ಬಿಡಬೇಕು. ತಕ್ಷಣ ಪಾತ್ರೆಗೆ ಮುಚ್ಚಳ ಹಾಕಬೇಕು. ಸುಮಾರು ಎರಡು ನಿಮಿಷ. ಒಳಗಿನ ಹಬೆಗೆ ಮೇಲಿನ ಚರ್ಮ ಮೆತ್ತಗೇ ಉಳಿದು ಉಂಡೆ ಇನ್ನೂ ಎತ್ತರಕ್ಕೆ ಏಳುತ್ತದೆ. ಮಗುಚಿದ ಮೇಲೆ ಮುಚ್ಚಳ ಬೇಡ, ಇನ್ನೊಂದೂವರೆ ಎರಡು ನಿಮಿಷ ಹಾಗೇ ಕರಿಯಬೇಕು. ಆದರೆ ಹುಷಾರು, ಮುಚ್ಚಳದ ಒಳಗೆ ನೀರು ಕೂತಿರುತ್ತದೆ. ಅದು ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ. ಮುಚ್ಚಳವನ್ನು ಓರೆ ಮಾಡದೆ ಪಕ್ಕಕ್ಕೆ ಸರಿಸಿ ತೆಗೆದು, ದೂರ ಹೋಗಿ ಒರೆಸಿ. ಮಕ್ಕಳು ಒಲೆಯ ಹತ್ತಿರ ಇದ್ದರೆ ಈ ಉಪಾಯವೇ ಬೇಡ. ಎಣ್ಣೆಗೆ ಬೆಂಕಿ ಹತ್ತಿದರೆ ಮಾತ್ರ ನೀರು ಹಾಕಲೇಬಾರದು. ಗ್ಯಾಸ್ ಆರಿಸಿ ಒಣ ಮುಚ್ಚಳ ಮುಚ್ಚಿಬಿಡಿ.

ಹಿಟ್ಟು ಉಬ್ಬಲೇ ಇಲ್ಲ

ಯೀಸ್ಟ್ ಸತ್ತಿದೆಯಾ ಅಂತ ಮೊದಲು ನೋಡಿ. ಕಾಲು ಲೋಟ ಬೆಚ್ಚನೆ ನೀರು, ಚಿಟಿಕೆ ಸಕ್ಕರೆ, ಅರ್ಧ ಚಮಚ ಯೀಸ್ಟ್. ಹತ್ತು ನಿಮಿಷದಲ್ಲಿ ನೊರೆ ಏಳದಿದ್ದರೆ ಆ ಪ್ಯಾಕೆಟ್ಟಿಗೆ ನಮಸ್ಕಾರ. ಒಡೆದ ಪ್ಯಾಕೆಟ್ಟನ್ನು ಡಬ್ಬಿಯಲ್ಲಿ ಹಾಕದೆ ಮಸಾಲೆ ಡಬ್ಬಿಗಳ ಪಕ್ಕ ಇಟ್ಟಿದ್ದರೆ ಹೀಗಾಗುವುದು ಸಹಜ. ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ.

ನೊರೆ ಬಂತು, ಆದರೂ ಹಿಟ್ಟು ಏಳಲಿಲ್ಲ ಅಂದರೆ ಹಾಲು ಬಿಸಿಯಾಗಿತ್ತೇ ನೆನಪು ಮಾಡಿಕೊಳ್ಳಿ. 55ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಯೀಸ್ಟ್ ಸಾಯುತ್ತದೆ. ಕಾಫಿ ಕುಡಿಯುವ ಬಿಸಿ ಅದಕ್ಕೆ ಸಾವಿನ ಬಿಸಿ. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟರೆ ಬಿಸಿ ಅಂತಲೂ ಅನಿಸಬಾರದು, ತಣ್ಣಗೆ ಅಂತಲೂ ಅನಿಸಬಾರದು. ಮಕ್ಕಳ ಹಾಲನ್ನು ನೋಡುವ ಹಾಗೆ.

ಸಕ್ಕರೆ ಕೂಡ ಕಾರಣ ಆಗಬಹುದು. ಸಿಹಿ ಇರಲಿ ಅಂತ 30 ಗ್ರಾಂ ಬದಲು 70 ಗ್ರಾಂ ಹಾಕಿದರೆ ಯೀಸ್ಟ್‌ಗೆ ಸಿಗಬೇಕಾದ ನೀರನ್ನು ಸಕ್ಕರೆಯೇ ಎಳೆದುಕೊಳ್ಳುತ್ತದೆ. ಹಿಟ್ಟು ಸೋಮಾರಿ ಆಗುತ್ತದೆ. ಸಿಹಿ ಹೊರಗಿಂದ ಬರುತ್ತದೆ, ಜಾಮ್‌ನಿಂದ ಬರುತ್ತದೆ. ಹಿಟ್ಟು ಸಪ್ಪೆ ಇದ್ದರೇ ಒಳ್ಳೆಯದು.

ಬರೀ ಚಳಿ ಕಾರಣವಾದರೆ ಪ್ರೆಷರ್ ಕುಕ್ಕರ್ ಇದೆಯಲ್ಲ. ತಳದಲ್ಲಿ ಎರಡು ಲೋಟ ಬಿಸಿನೀರು, ಮೇಲೆ ಸ್ಟ್ಯಾಂಡ್, ಅದರ ಮೇಲೆ ಹಿಟ್ಟಿನ ಪಾತ್ರೆ. ಒಲೆ ಹಚ್ಚಬೇಡಿ, ಸುಮ್ನೆ ಮುಚ್ಚಿಡಿ.

ಹೊರಗೆ ಕಪ್ಪು, ಒಳಗೆ ಹಸಿ

ಇದು ಮಾತ್ರ ನಿಜವಾಗಿ ಎಣ್ಣೆಯ ತಪ್ಪು. 170ರಿಂದ 175 ಡಿಗ್ರಿ ಬೇಕು. 190 ದಾಟಿದರೆ ಒಂದೇ ನಿಮಿಷಕ್ಕೆ ಬಣ್ಣ ಬಂದು ನಾವು ಮೋಸ ಹೋಗುತ್ತೇವೆ. ಥರ್ಮಾಮೀಟರ್ ಇಲ್ಲದಿದ್ದರೆ ಮರದ ಸೌಟಿನ ಹಿಡಿಯನ್ನು ಎಣ್ಣೆಗೆ ಅದ್ದಿ. ಸುತ್ತ ಸಣ್ಣ ಗುಳ್ಳೆಗಳು ಸಮನಾಗಿ ಏಳಬೇಕು. ಭೋರ್ ಅಂತ ಕುದಿದರೆ ಜಾಸ್ತಿ, ಒಂದೋ ಎರಡೋ ಬಂದರೆ ಕಡಿಮೆ. ಕಡಲೆಕಾಳಿನಷ್ಟು ಹಿಟ್ಟು ಹಾಕಿದರೆ ಕ್ಷಣ ಮುಳುಗಿ ಮೇಲೆ ಬಂದು, ಸುಮಾರು ಒಂದು ನಿಮಿಷದಲ್ಲಿ ಹೊಂಬಣ್ಣ ಆಗಬೇಕು. ಬಿದ್ದ ತಕ್ಷಣ ಚುರ್ ಅಂತ ಮೇಲೆದ್ದು ಕಂದಾದರೆ ಗ್ಯಾಸ್ ಆರಿಸಿ ಕಾಯಿರಿ.

ಪಾತ್ರೆಯೂ ಮುಖ್ಯ. ನಮ್ಮ ಗುಂಡು ತಳದ ಬಾಣಲೆಯಲ್ಲಿ ಎಣ್ಣೆಯ ಆಳ ನಡುವೆ ಮಾತ್ರ ಇರುತ್ತದೆ. ಉರಿಯೂ ಅಲ್ಲೇ. ಉಂಡೆಗಳೆಲ್ಲ ನಡುವಿಗೆ ಜಾರಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ದಪ್ಪ ತಳದ, ನೇರ ಗೋಡೆಯ ಪಾತ್ರೆ ತೆಗೆದುಕೊಳ್ಳಿ. ಎಣ್ಣೆ ಆರೇಳು ಸೆಂಟಿಮೀಟರ್ ಆಳ ಇರಲಿ. ತಳಕ್ಕೆ ತಾಗಿದ ಕಡೆ ನಾಣ್ಯದಷ್ಟು ಕಪ್ಪು ಕಲೆ ಬಿದ್ದರೆ ಎಣ್ಣೆ ಸಾಲಲಿಲ್ಲ ಅಂತ ತಿಳಿಯಿರಿ. ಮೂರಕ್ಕಿಂತ ಹೆಚ್ಚು ಒಟ್ಟಿಗೆ ಬಿಡಬೇಡಿ.

ಉಂಡೆ 50 ಗ್ರಾಂ ಮೀರಿದರೂ ಇದೇ ಕಾಟ. ಅಂಗಡಿಯಲ್ಲಿ ಕಾಣುವ ದೊಡ್ಡ ಗಾತ್ರ ನೋಡಿ 80 ಗ್ರಾಂ ಮಾಡಿದರೆ ನಡು ಬೇಯುವಷ್ಟರಲ್ಲಿ ಹೊರಗೆ ಸೀದಿರುತ್ತದೆ.

ಎಣ್ಣೆ ಕುಡಿದಿದೆ

ಉರಿ ಕಡಿಮೆ ಇದ್ದರೆ ಕುಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಹೊರಗಿನ ಪದರ ಗಟ್ಟಿಯಾಗಲು ತಡವಾಗುತ್ತದೆ, ಬೇಯಲೂ ಹೆಚ್ಚು ಹೊತ್ತು ಬೇಕು. ಆದರೆ ಉರಿ ಸರಿಯಿದ್ದೂ ಕುಡಿದಿದ್ದರೆ? ಹಿಟ್ಟು ಅತಿಯಾಗಿ ಉಬ್ಬಿ ಗೋಡೆಗಳು ಸಡಿಲವಾಗಿರುತ್ತವೆ, ಇಲ್ಲವೇ ನಾದಿದ್ದು ಸಾಲದೆ ಮೈ ಬಿರುಕು ಬಿಟ್ಟಿರುತ್ತದೆ. ಎತ್ತುವಾಗ ಬೆರಳು ತಾಗಿ ಕುಳಿ ಬಿದ್ದರೂ ಅಲ್ಲಿಂದ ಎಣ್ಣೆ ಒಳಗೆ ಹೋಗುತ್ತದೆ. ಅದಕ್ಕೆ ಪ್ರತಿ ಉಂಡೆಯನ್ನು ಒಂದೊಂದು ಬಟರ್ ಪೇಪರ್ ಚೌಕದ ಮೇಲೆ ಉಬ್ಬಲು ಬಿಡಿ. ಪೇಪರ್ ಸಮೇತ ಎತ್ತಿ ಎಣ್ಣೆಯ ಹತ್ತಿರ ತಂದು ಮಗುಚಿ ಜಾರಿಸಿ. ನಾನು ಹೋಳಿಗೆ ತಟ್ಟುವ ಬಾಳೆಲೆ ತುಂಡಿಗೆ ಎಣ್ಣೆ ಸವರಿ ಬಳಸುತ್ತೇನೆ, ಅದೂ ನಡೆಯುತ್ತದೆ. ಎಲೆ ಮಾತ್ರ ಎಣ್ಣೆಗೆ ಬೀಳಬಾರದು.

ಹಳೆ ಎಣ್ಣೆ ಬೇಡ. ನಾಲ್ಕು ಸಲ ಬಜ್ಜಿ ಕರಿದ ಎಣ್ಣೆ ನೊರೆ ಬರುತ್ತದೆ, ಡೋನಟ್‌ಗೆ ಬೇಗ ಅಂಟಿಕೊಳ್ಳುತ್ತದೆ, ಮೇಲಾಗಿ ಈರುಳ್ಳಿ ವಾಸನೆ. ಹೊಸ ಸೂರ್ಯಕಾಂತಿ ಎಣ್ಣೆ ಸಾಕು.

ಪೋಲೆಂಡಿನಲ್ಲಿ ಹಿಟ್ಟಿಗೆ ಒಂದು ಚಮಚ ಸ್ಪಿರಿಟ್, ಅಂದರೆ ಕುಡಿಯುವ ಗಾಢ ಮದ್ಯ, ಹಾಕುವ ರೂಢಿ ಇದೆ. ಅದು ಆವಿಯಾಗಿ ಹೋಗುವಾಗ ಎಣ್ಣೆಯನ್ನು ಒಳಗೆ ಬಿಡುವುದಿಲ್ಲ ಅನ್ನುತ್ತಾರೆ. ನಮ್ಮನೆಯಲ್ಲಿ ಅಮ್ಮ ಇರುವಾಗ ಹಿಟ್ಟಿಗೆ ರಮ್ ಹಾಕುವ ಧೈರ್ಯ ನನಗಿಲ್ಲ. ಬದಲಿಗೆ ಒಂದು ಚಮಚ ವಿನಿಗರ್ ಹಾಕಿ ನೋಡಿದೆ. ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಹದವಾಗಿ ಉಬ್ಬಿದ ಹಿಟ್ಟಿನ ಮುಂದೆ ಇದೆಲ್ಲ ಸಣ್ಣ ಸಂಗತಿ.

ಮಗುಚಿದರೆ ನಿಲ್ಲುವುದಿಲ್ಲ, ಗುಳ್ಳೆ, ಸುಕ್ಕು

ಮಗುಚಿದ್ದು ಮತ್ತೆ ಹೊರಳಿ ಮೊದಲ ಮಗ್ಗುಲಿಗೇ ಬಂದರೆ ಉಂಡೆ ಒಂದು ಕಡೆ ಭಾರ ಇದೆ. ಮಾಡುವಾಗ ಹಿಟ್ಟನ್ನು ತಳಕ್ಕೆ ಎಳೆದು ಸೇರಿಸಿ, ಅಂಗೈ ಕೆಳಗೆ ಸುತ್ತಿಸಿ, ಆಮೇಲೆ ಮೇಲಿಂದ ಸ್ವಲ್ಪ ಒತ್ತಿ ಚಪ್ಪಟೆ ಮಾಡಬೇಕು. ಪೂರ್ತಿ ಚೆಂಡಿನ ಹಾಗಿದ್ದರೆ ಎಣ್ಣೆಯಲ್ಲಿ ಉರುಳುತ್ತಲೇ ಇರುತ್ತದೆ.

ಮೈಮೇಲೆ ಗುಳ್ಳೆಗಳೆದ್ದರೆ ಮೊದಲ ಉಬ್ಬಿನ ಗಾಳಿ ಸರಿಯಾಗಿ ತೆಗೆದಿಲ್ಲ. ಚರ್ಮ ಬಿರಿದರೆ ಫ್ಯಾನ್ ಗಾಳಿಗೆ ಒಣಗಿದೆ, ಒದ್ದೆ ಬಟ್ಟೆಯನ್ನು ಮೈಗೆ ತಾಗದ ಹಾಗೆ ಮುಚ್ಚಿಡಿ. ಎಣ್ಣೆಯಲ್ಲಿ ಕಪ್ಪು ಚುಕ್ಕಿಗಳು ತೇಲಿದರೆ ಅದು ಒಣ ಮೈದಾ, ಉಂಡೆಯ ತಳ ಒರೆಸಿ ಬಿಡಿ. ಹೊರಗೆ ತೆಗೆದ ಮೇಲೆ ಬಲೂನಿನ ಹಾಗೆ ಕುಸಿದು ಸುಕ್ಕುಗಟ್ಟಿದರೆ ಬೆಂದದ್ದು ಸಾಲದು ಅಥವಾ ಉಬ್ಬಿದ್ದು ಹೆಚ್ಚಾಯಿತು. ಯಾವುದು ಅಂತ ಕೊಯ್ದರೆ ತಿಳಿಯುತ್ತದೆ.

ಜಾಮ್‌ನ ರಗಳೆ

ತುಂಬಲು ಎರಡು ದಾರಿ. ಹಳೆಯದು, ಎರಡು ಬಿಲ್ಲೆಗಳ ನಡುವೆ ಜಾಮ್ ಇಟ್ಟು ಅಂಚು ಮುಚ್ಚಿ ಕರಿಯುವುದು. ಕರಿಗಡುಬು ಮಾಡಿ ಗೊತ್ತಿರುವವರಿಗೆ ಇದರ ಕಷ್ಟ ಹೇಳಬೇಕಿಲ್ಲ. ಅಂಚಿಗೆ ಜಾಮ್ ಸವರಿಹೋದರೆ ಅಂಟುವುದಿಲ್ಲ, ಎಣ್ಣೆಯಲ್ಲಿ ಬಾಯಿ ಬಿಡುತ್ತದೆ, ಸಕ್ಕರೆ ಸೀದು ಎಣ್ಣೆಯೆಲ್ಲ ಕಪ್ಪು. ಅಂಚಿಗೆ ಮೊಟ್ಟೆಯ ಬಿಳಿ ಅಥವಾ ಹಾಲು ಹಚ್ಚಿ ಒತ್ತಿ. ಒಂದು ಚಮಚ ಗಟ್ಟಿ ಜಾಮ್ ಸಾಕು. ಕೊಯ್ದಾಗ ಜಾಮ್ ಸುತ್ತ ಪೊಳ್ಳು ಜಾಗ ಕಂಡರೆ ಗಾಬರಿ ಬೇಡ, ಜಾಮ್‌ನ ನೀರು ಹಬೆಯಾಗಿ ಮಾಡಿದ ಗುಹೆ ಅದು.

ನನಗೆ ಒಗ್ಗಿದ್ದು ಎರಡನೆಯದು, ಕರಿದ ಮೇಲೆ ಚುಚ್ಚಿ ತುಂಬುವುದು. ಬಿಳಿ ಪಟ್ಟಿಯಲ್ಲೇ ಚುಚ್ಚಬೇಕು, ಅಲ್ಲಿ ಮೆತ್ತಗಿರುತ್ತದೆ. ತುಂಬಿದ ಜಾಮ್ ವಾಪಸ್ ಹೊರಗೆ ನುಗ್ಗಿದರೆ ಒಳಗೆ ಜಾಗ ಮಾಡಿಲ್ಲ. ಒಂದು ತೆಳು ಕಡ್ಡಿಯನ್ನು ನಡುವಿನವರೆಗೆ ತಳ್ಳಿ ಆ ಕಡೆ ಈ ಕಡೆ ಆಡಿಸಿ, ಆಮೇಲೆ ತುಂಬಿ. ಒಂದಕ್ಕೆ 15 ಗ್ರಾಂ ಸಾಕು. ಜಾಮ್ ತುಂಬುವ ಚೀಲದ ನಳಿಕೆ ಕಟ್ಟಿಕೊಂಡರೆ ಹಣ್ಣಿನ ಚೂರು ಸಿಕ್ಕಿಹಾಕಿಕೊಂಡಿದೆ, ಜಾಮನ್ನು ಜರಡಿಯಲ್ಲಿ ಒತ್ತಿ ಸೋಸಿ. ನೀರಾಗಿ ಸೋರಿದರೆ ಡೋನಟ್ ಇನ್ನೂ ಬಿಸಿ ಇತ್ತು, ಇಲ್ಲವೇ ಜಾಮ್ ತೆಳು. ತಣ್ಣನೆ ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಹಾಕಿ ಓರೆ ಮಾಡಿದರೆ ಓಡಬಾರದು. ಓಡಿದರೆ ಇನ್ನೈದು ನಿಮಿಷ ಕುದಿಸಿ.

ಆಸ್ಟ್ರಿಯಾದಲ್ಲಿ ಏಪ್ರಿಕಾಟ್ ಜಾಮ್ ಹಾಕುತ್ತಾರೆ, ಪೋಲೆಂಡಿನಲ್ಲಿ ಗುಲಾಬಿಯದು ಹೆಸರುವಾಸಿ. ನಾನು ಸೀಬೆ ಜಾಮ್‌ಗೆ ಸ್ವಲ್ಪ ನಿಂಬೆರಸ ಸೇರಿಸುತ್ತೇನೆ, ಹುಳಿ ಇಲ್ಲದಿದ್ದರೆ ಬಾಯಿಗೆ ಜಿಡ್ಡು ಅನಿಸುತ್ತದೆ. ಹೊಸ ವರ್ಷದ ಹಿಂದಿನ ರಾತ್ರಿ ಜರ್ಮನ್ನರು ತಟ್ಟೆಯಲ್ಲಿ ಒಂದೇ ಒಂದಕ್ಕೆ ಜಾಮ್ ಬದಲು ಸಾಸಿವೆ ಸಾಸ್ ತುಂಬಿ ಕುಚೇಷ್ಟೆ ಮಾಡುತ್ತಾರೆ. ಅಂಥದ್ದು ಸಿಕ್ಕರೆ ಅದು ದೋಷವಲ್ಲ.

ಸಕ್ಕರೆ ಕರಗಿತು, ಮರುದಿನ ಗಟ್ಟಿಯಾಯಿತು

ಪುಡಿ ಸಕ್ಕರೆ ಉದುರಿಸುವುದಾದರೆ ಪೂರ್ತಿ ಆರಿದ ಮೇಲೆ, ತಿನ್ನುವ ಸ್ವಲ್ಪ ಮುಂಚೆ. ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ ಅದು ಅರ್ಧ ಗಂಟೆಗೇ ನೀರಾಗುತ್ತದೆ. ಅಲ್ಲಿ ಹರಳು ಸಕ್ಕರೆಯಲ್ಲಿ ಬೆಚ್ಚಗಿರುವಾಗ ಹೊರಳಿಸುವುದೇ ಲೇಸು.

ಇವನ್ನು ಮಾಡಿದ ದಿನವೇ ತಿನ್ನಬೇಕು. ಉಳಿದರೆ ಫ್ರಿಜ್‌ಗೆ ಇಡಬೇಡಿ. ಆ ತಂಪಿನಲ್ಲಿ ಬ್ರೆಡ್‌ನ ಹಾಗೆ ಇನ್ನೂ ಬೇಗ ಬಿರುಸಾಗುತ್ತದೆ. ಡಬ್ಬಿಯಲ್ಲಿ ಹೊರಗೇ ಮುಚ್ಚಿಟ್ಟು, ಮರುದಿನ ಸಣ್ಣ ಉರಿಯ ತವೆಯ ಮೇಲೆ ಮುಚ್ಚಳ ಹಾಕಿ ಎರಡು ನಿಮಿಷ ಬೆಚ್ಚಗೆ ಮಾಡಿ. ಸಕ್ಕರೆ ಹಚ್ಚಿದ್ದರೆ ತಳ ಸೀಯುತ್ತದೆ, ಕೆಳಗೊಂದು ಬಟರ್ ಪೇಪರ್ ಹಾಸಿ. ಕಸ್ಟರ್ಡ್ ತುಂಬಿದ್ದಾದರೆ ಮಾತ್ರ ಫ್ರಿಜ್ ಬೇಕೇ ಬೇಕು, ಬಿರುಸಾದರೂ ಸರಿ, ಹೊರಗೆ ಇಡುವ ಹಾಗಿಲ್ಲ.